ಮೋತಿ ತರ್ಕಶಾಸ್ತ್ರದಲ್ಲಿ ಪಾಸೋ, ಫೇಲೋ?

ತರ್ಕಶಾಸ್ತ್ರದಲ್ಲಿ ‘ಅನುಮಾನ’ ಎಂದರೆ ಸಂಶಯವಲ್ಲ. ತಿಳಿದ ಸಂಗತಿಯಿಂದ ತಿಳಿಯದ ಸಂಗತಿಗೆ ಹೋಗುವ ದಾರಿ. ಪಾಠ ಕೇಳುವಾಗ ನನಗೆ ಮಾತ್ರ ಸಂಶಯವೇ ಹೆಚ್ಚಾಗಿತ್ತು. ಒಂದು ನಾಯಿಯ ಕಥೆ ಓದಿದ ಮೇಲೆ ವಿಷಯ ಸ್ವಲ್ಪ ತಲೆಗೆ ಹತ್ತಿತು.

ಕ್ರಿ.ಪೂ. 3ನೇ ಶತಮಾನದ ಗ್ರೀಕ್ ತತ್ವಜ್ಞಾನಿ ಕ್ರಿಸಿಪ್ಪಸ್ ಹೆಸರಿನಲ್ಲಿ ಈ ಕಥೆ ಉಳಿದುಬಂದಿದೆ. ಬೇಟೆಯ ಬೆನ್ನು ಹತ್ತಿದ ನಾಯಿ ಮೂರು ದಾರಿ ಕೂಡುವ ಜಾಗಕ್ಕೆ ಬರುತ್ತದೆ. ಮೊದಲ ದಾರಿ ಮೂಸುತ್ತದೆ, ವಾಸನೆ ಇಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದನ್ನು ಮೂಸದೆಯೇ ಓಡುತ್ತದೆ. ಅಂದರೆ, ‘ಬೇಟೆ ಈ ಮೂರರಲ್ಲಿ ಒಂದು ದಾರಿ ಹಿಡಿದಿದೆ, ಮೊದಲಿನದಲ್ಲ, ಎರಡನೆಯದೂ ಅಲ್ಲ, ಹಾಗಾದರೆ ಮೂರನೆಯದೇ.’ ನಾವು ಪರೀಕ್ಷೆಯಲ್ಲಿ ಬರೆಯುವ ಅನುಮಾನದ ರೂಪವೂ ಇದೇ.

ಕಮಲಾಪುರದ ನಮ್ಮ ಹೊಲದಲ್ಲಿ ಮೋತಿ ಎಂಬ ನಾಯಿ ಇದೆ. ಕೆಂಪು ಬಾಳೆಗೆ ಹೆಸರಾದ ಊರು ನಮ್ಮದು. ರಾತ್ರಿ ತೋಟಕ್ಕೆ ಹಂದಿ ನುಗ್ಗದಂತೆ ಕಾಯುವುದು ಮೋತಿಯ ನೌಕರಿ. ಬೇಸಿಗೆ ರಜೆಯಲ್ಲಿ ಅದಕ್ಕೊಂದು ಪರೀಕ್ಷೆ ಇಟ್ಟೆ. ಮೂರು ಬುಟ್ಟಿ ಬೋರಲು ಹಾಕಿ, ಮೂರನೆಯದರ ಕೆಳಗೆ ರೊಟ್ಟಿ ತುಂಡು ಬಚ್ಚಿಟ್ಟೆ. ಮೊದಲ ಬುಟ್ಟಿ ಎತ್ತಿ ತೋರಿಸಿದೆ, ಖಾಲಿ. ಎರಡನೆಯದೂ ಖಾಲಿ. ಮೋತಿ ಬುಟ್ಟಿಗಳ ಕಡೆ ನೋಡಲೇ ಇಲ್ಲ. ನಾಲಿಗೆ ಚಾಚಿ ಕುಳಿತಿತ್ತು. ಮೂರು ಸಲ ಇದೇ ಆಯಿತು. ನೋಟ್‌ಬುಕ್ಕಿನಲ್ಲಿ ‘ಫೇಲ್’ ಎಂದು ಬರೆದೆ.

ಬೇವಿನ ನೆರಳಲ್ಲಿ ಕುಳಿತಿದ್ದ ದಾದಾ ಅಲ್ಲಿಂದಲೇ ಕೂಗಿದರು: “ಮೊದಲ ಅದಕ್ಕ ನೀರ ಕುಡಸು. ಆಮ್ಯಾಲ ಪರೀಕ್ಷಾ ಮಾಡು.”

ಬೆಳಗಿನಿಂದ ಅದರ ಪಾತ್ರೆ ಒಣಗಿತ್ತು. ನೀರು ಹಾಕುವ ಕೆಲಸ ನನ್ನದೇ. ನನಗೆ ನಾಚಿಕೆಯಾಯಿತು. ಪಾತ್ರೆ ತುಂಬಿಸಿದೆ, ಮೋತಿ ಒಂದೇ ಉಸಿರಿಗೆ ಕುಡಿಯಿತು. ಆಮೇಲೆ ಸೀದಾ ಹೋಗಿ ಮೂರನೇ ಬುಟ್ಟಿ ಉರುಳಿಸಿ ರೊಟ್ಟಿ ತಿಂದಿತು.

ಹಾಗಾದರೆ ಮೋತಿ ಪಾಸಾಯಿತೇ? ಅವಸರ ಬೇಡ. ರೊಟ್ಟಿಯ ವಾಸನೆ ಹಿಡಿದು ‘ಕಾಪಿ ಹೊಡೆದಿರಲೂ’ ಸಾಕು. ಸರಿಯಾದ ಪರೀಕ್ಷೆಯಾಗಬೇಕಾದರೆ ಮೂರೂ ಬುಟ್ಟಿಗೆ ರೊಟ್ಟಿ ಉಜ್ಜಿ, ವಾಸನೆಯಲ್ಲಿ ವ್ಯತ್ಯಾಸವೇ ಇರದಂತೆ ಮಾಡಬೇಕಿತ್ತು. ಕ್ರಿಸಿಪ್ಪಸನ ನಾಯಿಯ ಬಗ್ಗೆಯೂ ಇದೇ ಪ್ರಶ್ನೆ ಕೇಳಬಹುದು: ಅದು ಯೋಚಿಸಿತೋ, ಗಾಳಿಯಲ್ಲಿ ಬಂದ ವಾಸನೆಗೆ ಓಡಿತೋ? ಇನ್ನೊಂದು ಜೀವದ ಮನಸ್ಸಿನಲ್ಲಿ ಏನಿದೆ ಎಂದು ಹೊರಗಿನಿಂದ ಹೇಳುವುದು ಕಷ್ಟ. ಪಕ್ಕದ ಬೆಂಚಿನ ಗೆಳೆಯನ ಮನಸ್ಸಿನ ಮಾತೂ ಅಷ್ಟೇ.

17ನೇ ಶತಮಾನದ ಫ್ರೆಂಚ್ ತತ್ವಜ್ಞಾನಿ ಡೇಕಾರ್ಟ್, ಪ್ರಾಣಿಗಳು ಗಡಿಯಾರದಂಥ ಯಂತ್ರಗಳು ಎಂದು ವಾದಿಸಿದ. 1789ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇಂಗ್ಲೆಂಡಿನ ಬೆಂಥಮ್ ಪ್ರಶ್ನೆಯನ್ನೇ ಬದಲಿಸಿದ. ಪ್ರಾಣಿ ಯೋಚಿಸುತ್ತದೆಯೇ, ಮಾತಾಡುತ್ತದೆಯೇ ಎಂಬುದು ಮುಖ್ಯವಲ್ಲ, ಅದಕ್ಕೆ ನೋವಾಗುತ್ತದೆಯೇ ಎಂದು ನೋಡಬೇಕು ಎಂಬುದು ಅವನ ವಾದ. ದಾದಾ ಬೆಂಥಮ್‌ನನ್ನು ಓದಿದವರಲ್ಲ. ಆದರೆ ಅವರು ಹೇಳಿದ್ದೂ ಅದನ್ನೇ.

ಅವರು ಕೇಳಿ ಬೆಳೆದ ಹದೀಸ್ ಬೇರೆ ಇದೆ. ದಾರಿಯಲ್ಲಿ ಬಾಯಾರಿದ ಒಬ್ಬ ಮನುಷ್ಯ ಬಾವಿಗೆ ಇಳಿದು ನೀರು ಕುಡಿದ. ಮೇಲೆ ಬಂದರೆ, ಒಂದು ನಾಯಿ ಬಾಯಾರಿಕೆಗೆ ಒದ್ದೆ ಮಣ್ಣು ನೆಕ್ಕುತ್ತಿತ್ತು. ತನಗಾದದ್ದೇ ಇದಕ್ಕೂ ಆಗಿದೆ ಎಂದುಕೊಂಡು ಮತ್ತೆ ಇಳಿದು, ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದು ಕುಡಿಸಿದ. ಅಲ್ಲಾಹನು ಅವನನ್ನು ಕ್ಷಮಿಸಿದ. ಆ ನಾಯಿ ಅವನದಾಗಿರಲಿಲ್ಲ. ಅದಕ್ಕೆ ಬುದ್ಧಿ ಎಷ್ಟು ಎಂದೂ ಅವನು ಅಳೆಯಲಿಲ್ಲ. ಗುಹೆಯ ಸಂಗಾತಿಗಳ ಜೊತೆ ಹೊಸ್ತಿಲಲ್ಲಿ ಕಾಲು ಚಾಚಿ ಮಲಗಿದ್ದ ನಾಯಿಯ ಪ್ರಸ್ತಾಪ ಸೂರಃ ಅಲ್-ಕಹ್ಫ್‌ನಲ್ಲಿದೆ. ಹೊಲ, ದನಕರುಗಳ ಕಾವಲಿಗೆ ನಾಯಿ ಸಾಕಲು ನಮಗೆ ಅನುಮತಿಯೂ ಇದೆ. ಮೋತಿಯ ಪಾತ್ರೆ ಬೇರೆ, ಜಾಗ ಹೊರಗೆ. ಆದರೆ ನೀರು ಮಾತ್ರ ತಪ್ಪಬಾರದು.

ಕನ್ನಡ ನಾಡಿನಲ್ಲಿ ನಾಯಿಗೆ ಋಣ ತೀರಿಸಿದ ಹಳೆಯ ಉದಾಹರಣೆ ಮಂಡ್ಯ ಜಿಲ್ಲೆಯ ಆತಕೂರಿನದು. ಆಗ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣನ ಕಾಲ. ಅವನ ರಾಜಧಾನಿ ಮಾನ್ಯಖೇಟ ಎಂದರೆ ನಮ್ಮ ಜಿಲ್ಲೆಯ ಮಳಖೇಡ. ಶೌರ್ಯ ಮೆರೆದ ಮಣಲೇರನಿಗೆ ‘ಬೇಕಾದ್ದು ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ದಾನ ಕೊಟ್ಟ. ಸುಮಾರು 949ರ ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಬೇಸಿಗೆಯಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೀದಿ ನಾಯಿ ಎಂದರೆ ನಮ್ಮಲ್ಲಿ ಹಲವರಿಗೆ ಭಯ, ಅದು ತಪ್ಪಲ್ಲ. ಕೆಣಕಬೇಡಿ, ಮುಟ್ಟಬೇಡಿ. ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಆದರೆ ಮರದ ಬುಡದಲ್ಲಿ ಒಂದು ಪಾತ್ರೆ ನೀರಿಡಲು ನಾಯಿಯನ್ನು ಪ್ರೀತಿಸಲೇಬೇಕೆಂದಿಲ್ಲ.

ನಾಯಿ ಯೋಚಿಸುತ್ತದೆಯೇ ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಂದ ವಾದ ನಡೆದಿದೆ, ಮುಂದೆಯೂ ನಡೆಯಲಿ. ಅದಕ್ಕೆ ಬಾಯಾರಿದೆಯೇ ಎಂದು ತಿಳಿಯಲು ಪಾತ್ರೆ ನೋಡಿದರೆ ಸಾಕು. ನೋಟ್‌ಬುಕ್ಕಿನಲ್ಲಿ ‘ಫೇಲ್’ ಎಂದು ಬರೆದದ್ದನ್ನು ನಾನು ಅಳಿಸಿಲ್ಲ. ಅದರ ಮುಂದಿದ್ದ ಮೋತಿಯ ಹೆಸರು ಹೊಡೆದುಹಾಕಿ ನನ್ನದನ್ನು ಬರೆದಿದ್ದೇನೆ.