ನೆದರ್ಲೆಂಡ್ಸಿನ ಮನೆಗಳಲ್ಲಿ ಎಣ್ಣೆಯಿಂದ ಅನಿಲಕ್ಕೆ

ಶೀತದೇಶಗಳಲ್ಲಿ ಮನೆಯನ್ನು ಬೆಚ್ಚಗಿಡುವ ಇಂಧನದ ಆಯ್ಕೆಯು ಗೃಹಸ್ಥನೊಬ್ಬನಿಗೇ ಸೇರಿದುದಲ್ಲವೆಂಬುದಕ್ಕೆ ನೆದರ್ಲೆಂಡ್ಸ್ ಒಂದು ನಿದರ್ಶನ. 1959ರಲ್ಲಿ ಗ್ರೋನಿಂಗೆನ್ ಪ್ರಾಂತದ ಸ್ಲೊಖ್ಟೆರೆನ್ ಬಳಿ ವಿಪುಲವಾದ ನೈಸರ್ಗಿಕ ಅನಿಲವು ದೊರೆಯಿತು. ಸರ್ಕಾರವೂ ಷೆಲ್ ಮತ್ತು ಎಸ್ಸೊ ಕಂಪನಿಗಳೂ ಕೂಡಿ 1963ರಲ್ಲಿ ಸ್ಥಾಪಿಸಿದ 'ಗಾಸ್ಯೂನಿ' ಸಂಸ್ಥೆಯು ದೇಶದಾದ್ಯಂತ ಕೊಳವೆಗಳನ್ನು ಹಾಸಿತು. ಮುಂದಿನ ಹದಿನೈದು ವರ್ಷಗಳಲ್ಲಿ ಕಲ್ಲಿದ್ದಲಿನ ಹಾಗೂ ಎಣ್ಣೆಯ ಅಗ್ಗಿಷ್ಟಿಕೆಗಳು ಬಹುಮಟ್ಟಿಗೆ ಮರೆಯಾದುವು. ಬೂದಿ ತೆಗೆಯುವ, ಎಣ್ಣೆ ತುಂಬುವ ಶ್ರಮವು ತಪ್ಪಿತು.

ಆದರೆ ಅನಿಲವನ್ನು ಹೊರತೆಗೆದಂತೆಲ್ಲ ಒಳಗಿನ ಒತ್ತಡವು ತಗ್ಗಿ, ನೆಲದಾಳದ ಮರಳುಕಲ್ಲಿನ ಪದರವು ಮೇಲಿನ ಭಾರಕ್ಕೆ ಅದುಮಿಕೊಂಡು ಭೂಕಂಪಗಳುಂಟಾದುವು. 2012ರಲ್ಲಿ ಹೌಜಿಂಗೆ ಗ್ರಾಮದ ಬಳಿ 3.6 ಪ್ರಮಾಣದ ಕಂಪನವಾಗಿ ಅನೇಕ ಮನೆಗಳ ಗೋಡೆಗಳು ಬಿರಿದುವು. 2024ರಲ್ಲಿ ಕಾನೂನಿನ ಮೂಲಕ ಈ ನಿಕ್ಷೇಪವನ್ನು ಶಾಶ್ವತವಾಗಿ ಮುಚ್ಚಲಾಯಿತು. ದೇಶದ ಮನೆಗಳನ್ನು ಬೆಚ್ಚಗಿರಿಸಿದ ಅನಿಲದ ಬೆಲೆಯನ್ನು ಗ್ರೋನಿಂಗೆನ್ನಿನ ಮನೆಗಳು ತೆತ್ತುವೆಂಬುದನ್ನು ಇಂಧನದ ಇತಿಹಾಸವನ್ನು ಬರೆಯುವವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.