ದೂರದ ಪ್ರತಿಗಳು ಮತ್ತು ಪಾಠಸಾಮ್ಯ

ಒಂದೇ ಗ್ರಂಥದ ಪ್ರತಿಗಳು ಬೇರೆಬೇರೆ ಭಂಡಾರಗಳಲ್ಲಿ ಉಳಿದುಬಂದಾಗ ಅವುಗಳಲ್ಲಿ ಪಾಠಭೇದಗಳು ತಲೆದೋರುವುದು ಹಸ್ತಪ್ರತಿಗಳ ವ್ಯಾಸಂಗಿಗಳಿಗೆ ವಿದಿತವಾದುದೇ. ಗಣಕಯಂತ್ರದ ದತ್ತಾಂಶಗಳಿಗೂ ಇದೇ ತೊಡಕುಂಟು. ಆಧಾರ್ ಸಂಖ್ಯೆಯ ವಿತರಣೆ 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಗ್ರಾಮದಲ್ಲಿ ಆರಂಭವಾಯಿತು. ಅದನ್ನು ನೀಡುವ ಪ್ರಾಧಿಕಾರದ ದತ್ತಾಂಶ ಕೇಂದ್ರಗಳು ನಮ್ಮ ಹೆಬ್ಬಾಳದಲ್ಲಿಯೂ ಹರಿಯಾಣದ ಮಾನೇಸರದಲ್ಲಿಯೂ ಇವೆ. ಒಂದೆಡೆ ವಿಪತ್ತೊದಗಿದರೂ ಇನ್ನೊಂದೆಡೆ ದತ್ತಾಂಶ ಉಳಿಯಲೆಂಬುದೇ ಇಂತಹ ಏರ್ಪಾಡುಗಳ ಆಶಯ.

ಓಲೆಯ ಪ್ರತಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವುಂಟು. ಗ್ರಂಥದ ಮೂಲಪಾಠ ಸ್ಥಿರವಾದುದು. ದತ್ತಾಂಶವಾದರೋ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಆದ್ದರಿಂದ ಇಡೀ ಪ್ರತಿಯನ್ನು ಮತ್ತೆಮತ್ತೆ ನಕಲು ಮಾಡದೆ, ತಿದ್ದುಪಡಿಗಳನ್ನು ಮಾತ್ರ ನಡೆದ ಕ್ರಮದಲ್ಲಿಯೇ ದಾಖಲಿಸಿ ದೂರದ ಸರ್ವರಿಗೆ ಕಳುಹಿಸುವರು. ಒಂದೇ ಪಾಠದಿಂದ ಹೊರಟು ಒಂದೇ ತಿದ್ದುಪಡಿಗಳನ್ನು ಒಂದೇ ಕ್ರಮದಲ್ಲಿ ಸ್ವೀಕರಿಸಿದ ಪ್ರತಿಗಳು ಸಮಾನವಾಗಿರುತ್ತವೆ. ಪಡಿತರ ಅಂಗಡಿಯ ಮುಂದೆ ನಿಂತವನ ಬೆರಳಚ್ಚನ್ನು ನಿನ್ನೆ ತಿದ್ದಿದ್ದು, ಇಂದು ಕೇಳಿದ ಸರ್ವರಿನಲ್ಲಿ ಹಳೆಯದೇ ಉಳಿದಿದ್ದರೆ ಅವನಿಗೆ ಅಕ್ಕಿ ದೊರೆಯದೆ ಹೋದೀತು.

ಕಳುಹಿಸುವುದರಲ್ಲಿ ಎರಡು ವಿಧಾನಗಳುಂಟು. ದೂರದ ಸರ್ವರು ‘ಬರೆದುಕೊಂಡೆ’ ಎಂದು ತಿಳಿಸುವವರೆಗೂ ಕಾಯುವುದು ಮೊದಲನೆಯದು. ಬೆಂಗಳೂರಿನಿಂದ ಮಾನೇಸರಕ್ಕೆ ನೇರ ಅಂತರ ಸುಮಾರು 1,700 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಅಷ್ಟು ದೂರ ಹೋಗಿಬರಲು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ 17 ಭಾಗವಾದರೂ ಬೇಕು. ಮೇಲಾಗಿ ಸಂಪರ್ಕ ಕಡಿದರೆ ಬರವಣಿಗೆಯೇ ನಿಲ್ಲುತ್ತದೆ. ಕಾಯದೆ ಮುಂದುವರಿದು ಆಮೇಲೆ ಕಳುಹಿಸುವುದು ಎರಡನೆಯದು. ಇದು ಶೀಘ್ರವಾದುದು, ಆದರೆ ಕಳುಹಿಸುವ ಮೊದಲೇ ಕೇಂದ್ರವು ನಾಶವಾದರೆ ಕೊನೆಯ ಬರಹಗಳು ನಷ್ಟವಾಗುತ್ತವೆ. ವಿಳಂಬ, ನಷ್ಟ ಇವೆರಡರಲ್ಲಿ ಯಾವುದು ಸಹ್ಯವೆಂಬುದನ್ನು ಮೊದಲೇ ನಿರ್ಣಯಿಸಬೇಕು.

ಸಂಪರ್ಕ ಕಡಿದಾಗ ಎರಡು ಕೇಂದ್ರಗಳೂ ಮತ್ತೊಂದು ಅಳಿಯಿತೆಂದು ಬಗೆದು ತಮ್ಮಷ್ಟಕ್ಕೆ ಬರೆದುಕೊಂಡರೆ ಎರಡು ಪಾಠಗಳು ಹುಟ್ಟುತ್ತವೆ. ಆದಕಾರಣ ಮೂರನೆಯ ಸ್ಥಳವೊಂದನ್ನಿಟ್ಟು, ಮೂರರಲ್ಲಿ ಎರಡರ ಒಪ್ಪಿಗೆಯಿಲ್ಲದೆ ಯಾವುದನ್ನೂ ಬರೆಯಬಾರದೆಂಬ ನಿಯಮ ಮಾಡುವುದುಂಟು. ಇಂತಹ ಯಾವ ಎರಡು ಜೋಡಿಗಳಲ್ಲಿಯೂ ಒಂದು ಸ್ಥಳವಾದರೂ ಸಮಾನವಾಗಿರುವುದರಿಂದ ಪರಸ್ಪರ ವಿರುದ್ಧವಾದ ಎರಡು ಪಾಠಗಳು ನಿಲ್ಲಲಾರವು.

ಪ್ರತಿಗಳ ಸಾಮ್ಯವನ್ನು ಪರೀಕ್ಷಿಸುವ ಉಪಾಯ ನಮಗೆ ಹೊಸದಲ್ಲ. ಲಿಪಿಕಾರರು 32 ಅಕ್ಷರಗಳನ್ನು ಒಂದು ಗ್ರಂಥವೆಂದು ಎಣಿಸಿ ಕೊನೆಯಲ್ಲಿ ಗ್ರಂಥಸಂಖ್ಯೆಯನ್ನು ನಮೂದಿಸುತ್ತಿದ್ದುದುಂಟು. ಸರ್ವರುಗಳೂ ದತ್ತಾಂಶದ ಒಂದೊಂದು ಭಾಗಕ್ಕೆ ಒಂದೊಂದು ಅಂಕೆಯನ್ನು ಗಣಿಸಿ ಪರಸ್ಪರ ಹೋಲಿಸುತ್ತವೆ. ಅಂಕೆ ಭಿನ್ನವಾದ ಭಾಗವನ್ನಷ್ಟೇ ತೆರೆದು ನೋಡಿದರಾಯಿತು.

ಪಾಠಸಾಮ್ಯವೊಂದೇ ಸಂರಕ್ಷಣೆಯಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ತಪ್ಪಾಗಿ ಅಳಿಸಿದ ಹೆಸರು ಸ್ವಲ್ಪ ಹೊತ್ತಿನಲ್ಲಿಯೇ ಎಲ್ಲ ಕೇಂದ್ರಗಳಲ್ಲಿಯೂ ಅಳಿದುಹೋಗುತ್ತದೆ. ಆದ್ದರಿಂದ ತಿದ್ದದೆ ಬದಿಗಿಟ್ಟ ಹಳೆಯ ಪ್ರತಿಯೊಂದು ಎಂದೆಂದಿಗೂ ಅವಶ್ಯಕ.