ಬ್ಲಾಕ್ ಇಲ್ಲ, ಆದರೂ ಮೆಟ್ಟಿಲು ಹತ್ತಿದರೆ ಏದುಸಿರು

ಆಂಜಿಯೋಗ್ರಾಂ ಮಾಡಿ ‘ಬ್ಲಾಕ್ ಏನೂ ಇಲ್ಲ’ ಎಂದರೆ ಮನೆಮಂದಿಗೆಲ್ಲ ನಿರಾಳ. ಬಹುಕಾಲದಿಂದ ಶುಗರ್ ಇರುವವರಿಗೆ ಅದು ಅರ್ಧ ಉತ್ತರ ಮಾತ್ರ. ಆ ಪರೀಕ್ಷೆಯಲ್ಲಿ ಚೆನ್ನಾಗಿ ಕಾಣುವುದು ಹೃದಯದ ಮೇಲೆ ಹಬ್ಬಿದ ದೊಡ್ಡ ರಕ್ತನಾಳಗಳು. ಸ್ನಾಯುವಿನೊಳಗೆ ಇಳಿದ ಸಣ್ಣ ನಾಳಗಳು ಅದರಲ್ಲಿ ಕಾಣುವುದಿಲ್ಲ; ತೊಂದರೆ ಅಲ್ಲಿರಬಹುದು.

ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪದರವಿದೆ, ಹೆಸರು ಎಂಡೋಥೀಲಿಯಂ. ಇದರ ಕೆಲಸವೇನೆಂದು ತೋರಿಸಿದ್ದು ಅಮೆರಿಕದ ರಾಬರ್ಟ್ ಫರ್ಚ್‌ಗಾಟ್, 1980ರಲ್ಲಿ. ಮೊಲದ ಮಹಾಪಧಮನಿಯ ಚೂರಿಗೆ ಅಸಿಟೈಲ್‌ಕೋಲಿನ್ ಹಾಕಿದರೆ ಅದು ಸಡಿಲಾಗುತ್ತಿತ್ತು. ಒಳಪದರವನ್ನು ಉಜ್ಜಿ ತೆಗೆದ ಚೂರು ಸಡಿಲಾಗಲಿಲ್ಲ. ಪದರದಿಂದ ಹೊರಟು ನಾಳವನ್ನು ಹಿಗ್ಗಿಸುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ತಿಳಿಯಿತು. 1998ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆಯಿಂದ ಸಿಗುವುದೂ ಇದೇ ಅನಿಲ.

ಸ್ನಾಯು, ಕೊಬ್ಬಿನ ಕೋಶಗಳು ಸಕ್ಕರೆ ಹೀರಲು ಹೆಚ್ಚಾಗಿ ಇನ್ಸುಲಿನ್ ಬೇಕು. ಎಂಡೋಥೀಲಿಯಂಗೆ ಅದರ ಹಂಗಿಲ್ಲ. ರಕ್ತದಲ್ಲಿ ಸಕ್ಕರೆ ಏರಿದರೆ ಕೋಶದೊಳಗೂ ಏರುತ್ತದೆ. ಅಷ್ಟನ್ನೂ ಉರಿಸುವ ಭರದಲ್ಲಿ ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳು ಸೂಪರ್‌ಆಕ್ಸೈಡ್ ಎಂಬ ರಾಸಾಯನಿಕ ಹೊರಹಾಕುತ್ತವೆ. ಅದು ನೈಟ್ರಿಕ್ ಆಕ್ಸೈಡನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಜೊತೆಗೆ, ನಾಳವನ್ನು ಬಿಗಿಯುವ ಎಂಡೋಥೀಲಿನ್ ಹೆಚ್ಚುತ್ತದೆ.

ಹೀಗೆ ನಾಳ ಹಿಗ್ಗದಿದ್ದರೆ ಹೃದಯಕ್ಕೆ ಪೆಟ್ಟು ದೊಡ್ಡದು. ಸುಮ್ಮನೆ ಕೂತಾಗಲೂ ಹೃದಯ ತನಗೆ ಬಂದ ರಕ್ತದಿಂದ ಆಮ್ಲಜನಕದ ಮುಕ್ಕಾಲು ಪಾಲನ್ನು ಹಿಂಡಿಕೊಂಡಿರುತ್ತದೆ. ಮೆಟ್ಟಿಲು ಹತ್ತುವಾಗ ಇನ್ನಷ್ಟು ಬೇಕೆಂದರೆ ಇರುವುದು ಒಂದೇ ದಾರಿ: ನಾಳ ಹಿಗ್ಗಿ ಹೆಚ್ಚು ರಕ್ತ ಬರಬೇಕು. ಹಿಗ್ಗದಿದ್ದರೆ ಏದುಸಿರು, ಸುಸ್ತು, ಬೆವರು. ಶುಗರ್‌ನಿಂದ ನರಗಳೂ ಸೊರಗಿದ್ದರೆ ನೋವೇ ಗೊತ್ತಾಗದು. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವವರ ಬಗ್ಗೆ ನನಗೆ ಭಯ ಅದಕ್ಕೇ.

ಸಕ್ಕರೆ ಪ್ರೋಟೀನುಗಳಿಗೂ ಅಂಟಿಕೊಳ್ಳುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಅಂಟಿದ್ದನ್ನು. ಆ ಕಣದ ಆಯಸ್ಸು ಸುಮಾರು 120 ದಿನ. ನಾಳದ ಗೋಡೆಯ ಕೊಲಾಜನ್ ವರ್ಷಗಟ್ಟಲೆ ಇರುವುದರಿಂದ, ಈ ಸಲದ ರಿಪೋರ್ಟ್ ಚೆನ್ನಾಗಿ ಬಂದರೂ ಹಳೆಯ ಅಂಟು ಅಲ್ಲೇ ಉಳಿದಿರುತ್ತದೆ. ಟೈಪ್ 1 ಮಧುಮೇಹಿಗಳ ಮೇಲೆ ಅಮೆರಿಕ, ಕೆನಡಾಗಳಲ್ಲಿ ನಡೆದ ಡಿಸಿಸಿಟಿ ಅಧ್ಯಯನ 1993ರಲ್ಲಿ ಮುಗಿದ ಮೇಲೆ ಶುಗರನ್ನು ಬಿಗಿಯಾಗಿ ಹಿಡಿತದಲ್ಲಿಟ್ಟ ಗುಂಪು, ಸಾಮಾನ್ಯ ಚಿಕಿತ್ಸೆಯ ಗುಂಪು ಎರಡರ ಶುಗರೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂತು. ಆದರೂ ಮೊದಲಿನಿಂದ ಬಿಗಿಯಾಗಿ ಹಿಡಿತದಲ್ಲಿಟ್ಟಿದ್ದವರಲ್ಲಿ ಹೃದಯ-ರಕ್ತನಾಳದ ಅವಘಡ ಶೇ. 42ರಷ್ಟು ಕಡಿಮೆ ಎಂದು 2005ರಲ್ಲಿ ಗೊತ್ತಾಯಿತು.